ಕನಾತಿನ ಹೊರಗಿನ ಹಲಗಿ

ದುರ್ಗಪ್ಪ ಹಲಗಿ ಬಾರಿಸುವುದನ್ನು ನಿಲ್ಲಿಸಿದನೆಂದರೆ ನನ್ನ ಮೈಮೇಲಿನ ಕೂದಲು ನಿಮಿರುತ್ತಿದ್ದವು. ಚೆನ್ನಾಗಿ ಬಾರಿಸುವವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಸರಿಯಾದ ಹೊತ್ತಿಗೆ ನಿಲ್ಲಿಸುವವನನ್ನು ಕಂಡದ್ದು ಅವನೊಬ್ಬನನ್ನೇ. ಗೋಕಾಕದಲ್ಲಿ ನಾನು ಕನ್ನಡ ಶಾಲೆಯ ಮಾಸ್ತರನಾಗಿದ್ದ ಏಳೆಂಟು ವರ್ಷ ಊರ ಫುಟಬಾಲ್ ತಂಡದ ಗೋಲ್‌ಕೀಪರನೂ ಆಗಿದ್ದೆ. ಆ ವರ್ಷಗಳಲ್ಲಿ ನಾನು ಹಿಡಿದ ಚೆಂಡುಗಳಲ್ಲಿ ಅರ್ಧದಷ್ಟನ್ನು ಅವನ ಹಲಗಿ ನಿಂತದ್ದರಿಂದ ಹಿಡಿದೆ. ಇದನ್ನು ಆಗ ಯಾರ ಮುಂದೆಯೂ ಹೇಳಲಿಲ್ಲ. ಹೇಳಲೇಬೇಕಾದ ಒಂದು ದಿನ ಬಂದಾಗ ಬೇರೆಯದನ್ನೇ ಹೇಳಿದೆ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ಹಲಗಿ ಎಂದರೆ ಬೇರೆ ಸೀಮೆಯವರು ತಮಟೆ ಎನ್ನುವ ವಾದ್ಯ. ದುರ್ಗಪ್ಪನದು ದೊಡ್ಡದು, ಹೊಟ್ಟೆಯನ್ನೆಲ್ಲ ಮುಚ್ಚುವಂಥದು. ಅದರ ಪಟ್ಟಿ ಕೂತು ಕೂತು ಅವನ ಎಡಹೆಗಲು ಒಂದು ಬೆರಳಷ್ಟು ಇಳಿದಿತ್ತು. ಹಲಗಿ ಇಲ್ಲದಾಗಲೂ ಆ ಕಡೆಗೆ ವಾಲಿಕೊಂಡೇ ನಡೆಯುತ್ತಿದ್ದ. ಬಲಗೈಯಲ್ಲಿ ದಪ್ಪನೆಯ ಗಿಡ್ಡ ಕೋಲು, ಎಡಗೈಯಲ್ಲಿ ಉದ್ದನೆಯ ತೆಳ್ಳಗಿನ ಕಡ್ಡಿ. ಆಟಕ್ಕೆ ಅರ್ಧ ತಾಸು ಮುಂಚೆಯೇ ಬಂದು, ಬಯಲಿನ ಮೂಲೆಯಲ್ಲಿ ಒಂದು ಹಿಡಿ ಜೋಳದ ಕಣಿಕೆಗೆ ಬೆಂಕಿ ಹಚ್ಚಿ ಹಲಗಿಯ ಚರ್ಮ ಕಾಯಿಸುತ್ತಿದ್ದ. ಬೆರಳಿನಿಂದ ಒಮ್ಮೆ ಮೀಟುವುದು, ಕಿವಿ ಹಚ್ಚುವುದು, ಮತ್ತೆ ಕಾಯಿಸುವುದು. ನಮ್ಮ ಹುಡುಗರು ಅವಸರ ಮಾಡಿದರೆ, "ತಡೀರಿ. ತಣ್ಣನ್ನ ಹಲಗಿ ಸುಳ್ಳ ಹೇಳತೈತಿ" ಎನ್ನುತ್ತಿದ್ದ.

ವಯಸ್ಸಿನಲ್ಲಿ ಅವನು ನನಗಿಂತ ಹದಿನೈದು ವರ್ಷವಾದರೂ ದೊಡ್ಡವನು. ಆದರೂ ನಾನು ಅವನಿಗೆ "ನೀ" ಅನ್ನುತ್ತಿದ್ದೆ, ಅವನು ನನಗೆ "ನೀವು" ಅನ್ನುತ್ತಿದ್ದ. ಅವನ ಮನೆ ಊರ ಹೊರಗಿನ ಓಣಿಯಲ್ಲಿತ್ತು, ನನ್ನದು ಪೇಟೆಯಲ್ಲಿ; ನಮಗೆ ಅಷ್ಟೇ ಕಾರಣ ಸಾಕಾಗಿತ್ತು. ಈಗ "ಅವರು" ಎಂದು ಬರೆದು ನೋಡಿದೆ. ನಾಲ್ಕು ಸಾಲಿನಲ್ಲಿ ಅದು ಬೇರೆ ಯಾರದೋ ಕಥೆಯಾಗಿ ಹೋಯಿತು. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬಿಟ್ಟಿದ್ದೇನೆ. ಅದರ ನಾಚಿಕೆ ನನ್ನದು.

ಅವನು ಮೂಲತಃ ಕುಸ್ತಿಯ ಕಣದವನು. ಗೋಕಾಕ, ಮೂಡಲಗಿ, ಹುಕ್ಕೇರಿ, ಎಲ್ಲಿ ಜಂಗೀ ಕುಸ್ತಿ ಇದ್ದರೂ ಅವನ ಹಲಗಿ ಬೇಕಾಗುತ್ತಿತ್ತು. ಫುಟಬಾಲಿಗೆ ಅವನನ್ನು ಯಾರೂ ಕರೆಯಲಿಲ್ಲ. ತಂಡ ಕಟ್ಟಿದ ವರ್ಷ ಮೊದಲ ಪಂದ್ಯದ ಸುದ್ದಿಯನ್ನು ಊರಲ್ಲಿ ಡಂಗುರ ಹೊಡೆಸಿದೆವು. ಸಾರಿದವನು ದುರ್ಗಪ್ಪನೇ; ಮನೆಗೆ ಹೋಗದೆ, ಇದೆಂಥ ಆಟ ನೋಡೋಣವೆಂದು ಹೊಳೆಯ ದಂಡೆಯ ಬಯಲಿಗೇ ಬಂದ. ಹತ್ತು ನಿಮಿಷ ಸುಮ್ಮನೆ ನೋಡಿದ. ಆಮೇಲೆ ಕುಸ್ತಿಗೆ ಬಾರಿಸುವಂತೆಯೇ ಬಾರಿಸತೊಡಗಿದ. ಚೆಂಡು ನಡುಬಯಲಿನಲ್ಲಿದ್ದರೆ, ಪೈಲವಾನರು ಕೈಗೆ ಕೈ ಕೊಟ್ಟು ಸುತ್ತುವಾಗಿನ ನಿಧಾನದ ಬಡಿತ. ನಮ್ಮವರು ಮುನ್ನುಗ್ಗಿದರೆ ಬಡಿತವೂ ಜೊತೆಗೆ ಓಡುತ್ತಿತ್ತು. ನಾವು ಗೋಲು ಹೊಡೆದರೆ, ಎದುರಾಳಿಯ ಬೆನ್ನು ಮಣ್ಣಿಗೆ ಹತ್ತಿದಾಗಿನಂತೆ "ಚಿತ್" ಎಂದು ಕೂಗಿ ತಾನೇ ಒಂದು ಸುತ್ತು ಕುಣಿಯುತ್ತಿದ್ದ. ಆದರೆ ಚೆಂಡು ನಮ್ಮ ಗೋಲಿನ ಕಡೆಗೆ ತಿರುಗಿತೋ, ಹಲಗಿ ಕಡಿದಂತೆ ನಿಂತುಬಿಡುತ್ತಿತ್ತು. ಅದೇಕೆ ಹಾಗೆ ಎಂದು ಒಮ್ಮೆ ಕೇಳಿದೆ.

"ನಮ್ಮ ಪೈಲವಾನ ತೆಳಗ ಬಿದ್ದಾಗ ಬಾರಸಬಾರದ್ರಿ," ಅಂದ. "ಅವಗ ಉಸರ ಹಿಡೀಬೇಕಾಗಿರತೈತಿ."

ಗೋಲಿಗೆ ಅವನು "ಬಾಗಲಾ" ಎನ್ನುತ್ತಿದ್ದ. ನಾನು ಬಾಗಲಾ ಕಾಯೋ ಮಾಸ್ತರ. ನಮ್ಮ ಬಯಲಿನಲ್ಲಿ ಒಂದು ಗೋಲು ನೇರ ಪಡುವಣಕ್ಕೆ ಮುಖ ಮಾಡಿತ್ತು. ಸಂಜೆಯ ಹೊತ್ತಿಗೆ ಅಲ್ಲಿ ನಿಂತವನಿಗೆ ಗುಡ್ಡದ ಮೇಲಿನ ಸೂರ್ಯ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಎದುರಾಳಿಗಳು ಅದಕ್ಕೇ ಕಾದಿದ್ದು ದೂರದಿಂದ ಹೊಡೆಯುತ್ತಿದ್ದರು. ಕಣ್ಣು ಹೋದ ಜಾಗದಲ್ಲಿ ನಾನು ಕಿವಿಯನ್ನು ಇಟ್ಟುಕೊಂಡೆ. ಹಲಗಿ ನಡೆಯುತ್ತಿದ್ದರೆ ಚಿಂತೆಯಿಲ್ಲ. ನಿಂತರೆ ಮೊಣಕಾಲು ಬಗ್ಗಿಸಿ ಕೈ ಮುಂದೆ ಮಾಡಬೇಕು. ಎರಡು ವರ್ಷದಲ್ಲಿ ಇದು ಎಷ್ಟು ರೂಢಿಯಾಯಿತೆಂದರೆ, ಶಾಲೆಯ ಮುಂದೆ ಯಾರೋ ಬಾರಿಸುತ್ತ ಹೋಗುವಾಗ ಹಲಗಿ ನಿಂತರೂ ನಾನು ಸೀಮೆಸುಣ್ಣ ಹಿಡಿದ ಕೈ ಎತ್ತಿಬಿಡುತ್ತಿದ್ದೆ. ಮಕ್ಕಳು ನಗುತ್ತಿದ್ದರು.

ಬೆಳಗಾವಿಯಿಂದ ಬಂದಿದ್ದ ರೆಫರಿಯೊಬ್ಬರಿಗೆ ಒಮ್ಮೆ ಗುಮಾನಿ ಬಂತು. ಆಟ ನಿಲ್ಲಿಸಿ, ಗೆರೆಯ ಹತ್ತಿರ ನಿಂತಿದ್ದ ದುರ್ಗಪ್ಪನ ಬಳಿಗೆ ಹೋಗಿ, "ನೀನು ಕೀಪರನಿಗೆ ಸನ್ನೆ ಮಾಡುತ್ತೀ" ಎಂದರು. ದುರ್ಗಪ್ಪ ಎರಡೂ ಕೋಲುಗಳನ್ನು ಒಂದೇ ಕೈಗೆ ತೆಗೆದುಕೊಂಡು ನಿಂತ.

"ಬಾರಿಸಿದ್ರ ಸನ್ನಿ ಅನ್ರಿ ಸಾಹೇಬ್ರ, ಒಪ್ಪತೇನಿ," ಅಂದ. "ಸುಮ್ಮನ ನಿಂತ್ರ ಅದೆಂಥಾ ಸನ್ನಿರಿ?"

ರೆಫರಿ ಒಂದು ಗಳಿಗೆ ಯೋಚಿಸಿ, ನಕ್ಕು, ಸೀಟಿ ಊದಿದರು.

ಆಗಿನ ನಮ್ಮ ಬಯಲಿಗೆ ಹಗ್ಗವೂ ಇರಲಿಲ್ಲ, ಬೇಲಿಯೂ ಇರಲಿಲ್ಲ. ಬೂದಿ ಚೆಲ್ಲಿ ಗೆರೆ ಎಳೆಯುತ್ತಿದ್ದೆವು. ಜನರ ಕಾಲುಬೆರಳು ಆ ಗೆರೆಯ ಮೇಲೇ ಇರುತ್ತಿದ್ದವು. ಗಿರಣಿಯ ಪಾಳಿ ಮುಗಿಸಿದವರು ತಲೆಯಲ್ಲಿ ಅರಳೆಯ ಎಳೆ ಇಟ್ಟುಕೊಂಡೇ ಬರುತ್ತಿದ್ದರು. ಮರದ ಗೊಂಬೆ ಮಾಡುವವರು ಬಣ್ಣ ಹತ್ತಿದ ಕೈಯಲ್ಲೇ ಚಪ್ಪಾಳೆ ತಟ್ಟುತ್ತಿದ್ದರು. ಕೂಡುವವರು ಯಾರೂ ಇಲ್ಲ. ಬಯಲಿನಲ್ಲಿದ್ದ ಒಂದೇ ಖುರ್ಚಿ ರೆಫರಿಯ ಕೋಟು ಹಾಕಲಿಕ್ಕೆ. ಎಲ್ಲರ ಕೂಗಿನ ಮೇಲೆ ದುರ್ಗಪ್ಪನ ಕೂಗು ಕೇಳುತ್ತಿತ್ತು: "ಪಾಸ್ ಕೊಡಲೇ. ಒಬ್ಬಾವನ ತಿನ್ನಬ್ಯಾಡ."

ಈ ಕೂಗು ಹೆಚ್ಚಾಗಿ ಬಸಲಿಂಗನಿಗೆ. ಬಸಲಿಂಗ ನಮ್ಮ ಕ್ಯಾಪ್ಟನ್, ಅರಳೆಯ ಅಡತಿ ಅಂಗಡಿಯವರ ಮಗ. ಕಾಲಿಗೆ ಚೆಂಡು ಸಿಕ್ಕರೆ ಅವನಿಗೆ ಉಳಿದ ಹತ್ತು ಮಂದಿ ಮರೆತುಹೋಗುತ್ತಿದ್ದರು. ಬೇರೆ ಹೊತ್ತಿನಲ್ಲಿ ದುರ್ಗಪ್ಪ ಅವರ ಅಂಗಡಿಯ ಕಟ್ಟೆಯನ್ನು ಹತ್ತುವಂತಿರಲಿಲ್ಲ. ಆದರೆ ಆಟ ನಡೆದ ಒಂದೂವರೆ ತಾಸು "ಬಸಲಿಂಗ್ಯಾ, ಪಾಸ್ ಕೊಡಲೇ" ಎಂದು ಊರ ಮುಂದೆ ಬೈಯುತ್ತಿದ್ದ, ಬಸಲಿಂಗ ಬೈಸಿಕೊಂಡು ಪಾಸ್ ಕೊಡುತ್ತಿದ್ದ. ಸೀಟಿ ಊದಿದ ಕೂಡಲೇ ದುರ್ಗಪ್ಪನ ದನಿ ಇಳಿಯುತ್ತಿತ್ತು. "ಬಸಲಿಂಗಪ್ಪನವರ, ಛಲೋ ಆಡಿದ್ರಿ ಬಿಡ್ರಿ" ಎಂದು ನಾಲ್ಕು ಹೆಜ್ಜೆ ದೂರ ನಿಲ್ಲುತ್ತಿದ್ದ. ಪಾಸ್ ಎಂಬ ಶಬ್ದಕ್ಕೆ ಅವನ ಬಾಯಲ್ಲಿ ಒಂದೇ ಅರ್ಥವಿತ್ತು: ಚೆಂಡು ಇದ್ದವನು ಇಲ್ಲದವನಿಗೆ ಕೊಡುವುದು.

ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ಹುಕ್ಕೇರಿಯ ಕೆಲವು ಸಾಹುಕಾರರು ಸೇರಿ ಒಂದು ಬೆಳ್ಳಿಯ ಕಪ್ಪು ಇಟ್ಟರು. ಕೊನೆಯ ಪಂದ್ಯಕ್ಕೆ ಉಳಿದದ್ದು ಅವರ ತಂಡ ಮತ್ತು ನಮ್ಮದು. ಆಟ ಅವರ ಊರಲ್ಲಿ. ಆಗಷ್ಟೇ ಅಲ್ಲಿ ಒಂದು ನಾಟಕ ಕಂಪನಿಯ ಮುಕ್ಕಾಂ ಮುಗಿದು, ಸಾಮಾನು ಹೊರಡುವುದು ಬಾಕಿ ಇತ್ತು. ಸಾಹುಕಾರರು ಕಂಪನಿಯವರನ್ನು ಒಪ್ಪಿಸಿ, ನಾಟಕದ ಡೇರೆಗೆ ಕಟ್ಟುವ ಆಳೆತ್ತರದ ಬಟ್ಟೆಯ ಕನಾತನ್ನು ಬಯಲಿನ ಸುತ್ತ ಕಟ್ಟಿಸಿದರು. ಸಾಲದ ಕಡೆ ಗೋಣಿತಟ್ಟು ಹೊಲಿಸಿದರು. ನಾಟಕಕ್ಕೆ ಇದ್ದಂತೆಯೇ ಖುರ್ಚಿ, ಉದ್ದನೆಯ ಮರದ ಬಾಕು, ಚಾಪೆ ಎಂದು ತಿಕೀಟುಗಳನ್ನು ಮಾಡಿದರು. ಅವೆಲ್ಲ ಹುಕ್ಕೇರಿಯಲ್ಲೇ ಮುಗಿದುಹೋದವು. ಗೋಕಾಕದವರಿಗೆ ಬಂದದ್ದು ಒಂದು ಪತ್ರ: ಹೊರಗಿನ ಊರವರಿಗೆ ತಿಕೀಟು ಇಲ್ಲ, ಆಡುವ ಹನ್ನೊಂದು ಮಂದಿಗೆ, ತಮ್ಮ ಕಡೆಯ ಒಬ್ಬೊಬ್ಬರನ್ನು ಕರೆತರಲು ತಲೆಗೊಂದು ಪಾಸು. ಪತ್ರದೊಳಗೆ ಹನ್ನೊಂದು ಹಳದಿ ಚೀಟಿಗಳಿದ್ದವು.

ಬಸಲಿಂಗ ಅವನ್ನು ಹಂಚಿದ. ಅವನು ತನ್ನದನ್ನು ಬೀಗರಿಗೆ ಕೊಟ್ಟ. ಒಬ್ಬ ಅಣ್ಣನಿಗೆ ಕೊಟ್ಟ, ಒಬ್ಬ ತನಗೆ ಕೆಲಸ ಕೊಡಿಸಬಹುದಾದ ಕಾರಕೂನನಿಗೆ ಕೊಟ್ಟ. ನನ್ನ ಸೋದರಮಾವ ಹುಕ್ಕೇರಿಯಲ್ಲೇ ಇದ್ದರು. "ಅಕ್ಕನ ಮಗ ಆಡೂದು ನಾ ನೋಡಬ್ಯಾಡೇನು?" ಎಂದು ಹೇಳಿ ಕಳಿಸಿದ್ದರು. ಫುಟಬಾಲ್ ಎಂದರೆ ಕೈಯಿಂದ ಆಡುವುದೋ ಕಾಲಿನಿಂದಲೋ ಅವರಿಗೆ ತಿಳಿಯದು. ಪಂದ್ಯದ ದಿನ ಬೆಳಿಗ್ಗೆ ನಾವು ಮುಟ್ಟಿದ ಕೂಡಲೇ ನನ್ನ ಚೀಟಿಯನ್ನು ಅವರ ಮನೆಗೆ ಕಳಿಸಿಕೊಟ್ಟೆ.

ದುರ್ಗಪ್ಪನ ನೆನಪು ನಮ್ಮಲ್ಲಿ ಒಬ್ಬನಿಗೂ ಆಗಲಿಲ್ಲ. ಬೇಕೆಂದೇ ಬಿಟ್ಟೆವು ಎಂದಾದರೂ ಇದ್ದಿದ್ದರೆ ಈಗ ಬೈದುಕೊಳ್ಳುವುದು ಸುಲಭವಾಗುತ್ತಿತ್ತು. ಅವನು ತಂಡದ ಚೆಂಡಿನ ಹಾಗೆ, ಗೋಲಿನ ಕಂಬದ ಹಾಗೆ, ಇದ್ದೇ ಇರುತ್ತಾನೆ; ಅವನಿಗೆಂಥ ಪಾಸು? ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ನೆನಪಾಗಿದ್ದರೂ ಅವನನ್ನು ಆ ಸಾಹುಕಾರರ ನಡುವಿನ ಖುರ್ಚಿಯಲ್ಲಿ ಕೂಡಿಸುವ ಧೈರ್ಯ ನನಗೆ ಇರುತ್ತಿತ್ತೋ ಇಲ್ಲವೋ ಹೇಳಲಾರೆ.

ತಂಡ ಸರ್ವಿಸ್ ಮೋಟಾರಿನಲ್ಲಿ ಹೋಯಿತು. ಊರ ನಲವತ್ತು ಮಂದಿ, ಹೇಗಾದರೂ ಒಳಗೆ ಬಿಟ್ಟಾರು ಎಂಬ ಆಸೆಯಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಚಕ್ಕಡಿಗಳಲ್ಲಿ ದುರ್ಗಪ್ಪನಿಗೆ ಜಾಗ ಇರಲಿಲ್ಲ. ಇಲ್ಲವೆಂದು ಯಾರೂ ಹೇಳಿಯೂ ಇರಲಿಲ್ಲ, ಅವನು ಕೇಳಿಯೂ ಇರಲಿಲ್ಲ. ಹಿಂದಿನ ದಿನ ಮಧ್ಯಾಹ್ನವೇ ಹಲಗಿ ಹೆಗಲಿಗೇರಿಸಿ ಗೋಕಾಕ ಬಿಟ್ಟು, ಹೊಳೆ ದಾಟಿ, ನಡೆದೇ ಬಂದಿದ್ದ. ನಾವು ಕನಾತಿನ ಬಾಗಿಲಿಗೆ ಹೋದಾಗ ಅಲ್ಲಿ ಕಾದು ನಿಂತಿದ್ದ. ಕಾಲು ಮೊಣಕಾಲಿನವರೆಗೆ ಧೂಳಾಗಿದ್ದವು. ನಮ್ಮನ್ನು ಕಂಡು ಸಾಲಿನ ಕೊನೆಗೆ ಸೇರಿಕೊಂಡ.

ಬಾಗಿಲಲ್ಲಿ ನಾಟಕ ಕಂಪನಿಯ ಗೇಟ್‌ಕೀಪರನೇ ಇದ್ದ. ತಂಡದವರನ್ನು ತಲೆ ಎಣಿಸಿ ಒಳಗೆ ಬಿಟ್ಟು, ದುರ್ಗಪ್ಪನ ಎದೆಗೆ ಕೈ ಅಡ್ಡ ಹಿಡಿದ.

"ಪಾಸ್ ಕೊಡು."

ದುರ್ಗಪ್ಪ ನಕ್ಕ. "ಪಾಸ್ ಆಡವ್ರ ಕೊಡಬೇಕ್ರಿ. ನಾ ಬಾರಸಾಂವ."

"ಅದೆಲ್ಲ ಗೊತ್ತಿಲ್ಲ. ಪಾಸ್ ಇದ್ದವ್ರಷ್ಟ ಒಳಗ."

ಅವನು ಗೇಟ್‌ಕೀಪರನ ತೋಳಿನ ಮೇಲಿಂದ ನಮ್ಮತ್ತ ನೋಡಿ, ಬಯಲಿನಲ್ಲಿ ಕೂಗುವ ದನಿಯಲ್ಲೇ ಕೂಗಿದ: "ಮಾಸ್ತರ, ಪಾಸ್ ಕೊಡ್ರಿ."

ನಮ್ಮವರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ನಗುತ್ತಲೇ ಕಿಸೆಗೆ ಕೈ ಹಾಕಿದೆ. ಕಿಸೆ ಖಾಲಿ ಇತ್ತು. "ತಡಿ, ಬಂದ್ನಿ" ಎಂದು ಒಳಗೆ ಹೋದೆ. ಒಳಗೆ ಕಮಿಟಿಯವರು ಹಾರ ಹಾಕಿದರು, ಕೈ ಕುಲುಕಿದರು, ರೆಫರಿ ಕರೆದರು. ನಾನು ತಿರುಗಿ ಬರಲಿಲ್ಲ.

ಹೊರಗೆ ನಡೆದದ್ದು ಆಮೇಲೆ ಊರವರಿಂದ ತಿಳಿಯಿತು. ನಲವತ್ತೂ ಮಂದಿಯನ್ನು ಹೊರಗೇ ನಿಲ್ಲಿಸಿದರು. "ನಮ್ಮ ಹುಡುಗರು ಆಡೂದು ನೋಡಾಕ ನಾವ ಬ್ಯಾಡಾದ್ವಿ. ನಾಳೆ ಗೆದ್ರ ಇವ್ರ ಹೆಸರಿಲೆ ಕೂಗವ್ರ ಯಾರು?" ಎಂದು ಗೊಂಬೆ ಮಾಡುವ ಒಬ್ಬ ಹಿರಿಯರು ಜಗಳಕ್ಕೆ ನಿಂತರಂತೆ. ಬೇವಿನ ಗಿಡ ಹತ್ತಿದವರನ್ನು ಬಡಿಗೆ ತೋರಿಸಿ ಇಳಿಸಿದರಂತೆ. ಬೈದು ಬೈದು ದಣಿದು ಎಲ್ಲರೂ ಪೇಟೆಗೆ ಹೋಗಿ ಚುರುಮುರಿ ತಿನ್ನುತ್ತ ಕೂತರು. ದುರ್ಗಪ್ಪ ಹೋಗಲಿಲ್ಲ. ಕನಾತಿನ ಮಗ್ಗುಲಲ್ಲಿ ಕಣಿಕೆಗೆ ಬೆಂಕಿ ಹಚ್ಚಿದ. ಬಟ್ಟೆಗೆ ಕಿಡಿ ಹತ್ತೀತೆಂದು ಗೇಟ್‌ಕೀಪರ ಅವನನ್ನು ನೂರು ಹೆಜ್ಜೆ ಆಚೆಗೆ ಅಟ್ಟಿದ. ಅಲ್ಲಿ ಮತ್ತೆ ಬೆಂಕಿ ಹಚ್ಚಿ ಹಲಗಿ ಕಾಯಿಸುವಷ್ಟರಲ್ಲಿ ಅರ್ಧ ಆಟ ಮುಗಿದಿತ್ತಂತೆ.

ಒಳಗೆ ನನಗೆ ಮೊದಲ ಅರ್ಧ ಒಂದು ಜ್ವರದಂತೆ ಕಳೆಯಿತು. ಅಂಥ ಮೌನದಲ್ಲಿ ನಾನು ಎಂದೂ ಆಡಿರಲಿಲ್ಲ. ಖುರ್ಚಿಯವರು ನಾಟಕ ನೋಡುವಂತೆಯೇ ಕೂತಿದ್ದರು: ಕಾಲ ಮೇಲೆ ಕಾಲು, ಬಾಯಲ್ಲಿ ಎಲೆ ಅಡಿಕೆ. ಎದ್ದರೆ ಹಿಂದಿನವರು "ಕುಂದರ್ರಿ, ಕುಂದರ್ರಿ" ಅನ್ನುತ್ತಿದ್ದರು. ಅವರದೇ ತಂಡ ಚೆಂಡು ಒಯ್ದರೂ ಒಂದು ಕೂಗಿಲ್ಲ. ನನ್ನ ಕಿವಿಗೆ ಮೌನವೆಂದರೆ ಅಪಾಯ. ಚೆಂಡು ಆಚೆಯ ಗೋಲಿನ ಹತ್ತಿರವಿದ್ದರೂ ನಾನು ಮೊಣಕಾಲು ಬಗ್ಗಿಸಿ ನಿಂತಿದ್ದೆ. ಅರ್ಧ ಆಟಕ್ಕೆ ತೊಡೆಗಳು ನಡುಗುತ್ತಿದ್ದವು. ಗೋಲು ಎರಡೂ ಕಡೆ ಆಗಿರಲಿಲ್ಲ.

ಬಿಡುವಿನಲ್ಲಿ ಮಾವ ಬಂದು ಬೆನ್ನು ತಟ್ಟಿದರು. "ಬಿಸಲ ಭಾಳ ಐತಪ್ಪಾ, ನಾ ಮನಿಗೆ ಹೊಂಟೆ" ಎಂದು ಕೊಡೆ ಬಿಚ್ಚಿಕೊಂಡು ಹೋದರು. ಎರಡನೆಯ ಅರ್ಧಕ್ಕೆ ನಾನು ಬದಲಿಸಿದ ಗೋಲಿನ ಹಿಂದೆಯೇ ಅವರ ಖುರ್ಚಿ ಇತ್ತು, ಖಾಲಿ.

ಆಗಲೇ ಹೊರಗಿನಿಂದ ಹಲಗಿ ಕೇಳಿಸಿತು. ದೂರದಲ್ಲಿ, ನಿಧಾನವಾಗಿ, ನಡುಬಯಲಿನ ಬಡಿತ. ನನ್ನ ಎದೆ ತಣ್ಣಗಾಯಿತು. ಭುಜಗಳು ಇಳಿದವು. ಅವನು ಕನಾತಿನ ಹೊರಗಿದ್ದಾನೆ, ಅವನಿಗೆ ಏನೂ ಕಾಣುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. ನನ್ನ ಕಿವಿಗೆ ಗೊತ್ತಿರಲಿಲ್ಲ.

ಸೂರ್ಯ ಇಳಿದು ಕಣ್ಣಿಗೆ ಬಂದಿದ್ದ. ಹುಕ್ಕೇರಿಯ ಎಡಗಾಲಿನ ಹುಡುಗನೊಬ್ಬ ನನ್ನ ಬಲಗಡೆಯ ಗೆರೆಗುಂಟ ಓಡಿ ಬರುತ್ತಿದ್ದುದನ್ನು ಅರೆಬರೆ ಕಂಡೆ, ಆಮೇಲೆ ಬೆಳಕು ಅವನನ್ನು ನುಂಗಿತು. ಹಲಗಿ ನಿಧಾನವಾಗಿ ನಡೆದೇ ಇತ್ತು. ಇನ್ನೂ ಹೊತ್ತಿದೆ ಎಂದುಕೊಂಡೆ. ನೆಲಕ್ಕೆ ಹತ್ತಿ ಬಂದ ಚೆಂಡು ನನ್ನ ಬಲಗೈ ಮುಟ್ಟುವ ಮೊದಲೇ ಒಳಗೆ ಹೋಯಿತು.

ಖುರ್ಚಿಗಳು ಚಪ್ಪಾಳೆ ತಟ್ಟಿದವು. ನಾಟಕದ ರೂಢಿಯಲ್ಲಿ ಯಾರೋ "ಒನ್ಸ್ ಮೋರ್" ಎಂದರು. ಬಾಕಿನವರೂ "ಒನ್ಸ್ ಮೋರ್" ಎಂದರು. ಹೊರಗೆ ಹಲಗಿ ಆಗ ನಿಂತಿತು.

ಆ ಒಂದೇ ಗೋಲಿನಿಂದ ಸೋತೆವು. ಮೋಟಾರಿನ ಹತ್ತಿರ ಬೂಟು ಬಿಚ್ಚುತ್ತ ಕೂತಾಗ ಬಸಲಿಂಗ ನನ್ನ ಮುಂದೆ ಬಂದು ನಿಂತ. "ಮಾಸ್ತರ, ಅದೆಂಥಾ ಚೆಂಡ ಬಿಟ್ರಿ? ಸಾಲಿ ಹುಡುಗೂರು ಹಿಡೀತಿದ್ರು."

ನಾನು ತಲೆ ಎತ್ತದೆ ಹೇಳಿದೆ: "ಹಲಗಿ ಕೇಳಿ ಮೋಸ ಹೋದ್ನಿ. ಚೆಂಡ ನಡುವ ಐತಿ ಅಂತ ಬಾರಸಾಕತ್ತಿದ್ದ."

ಎಲ್ಲರೂ ನನ್ನ ಹಿಂದೆ ನೋಡಿದರು. ದುರ್ಗಪ್ಪ ಅಲ್ಲೇ ನಿಂತಿದ್ದ. ಏನಾಯಿತೆಂದು ಕೇಳಲು ಬಂದಿದ್ದ. "ಕಾಣಲಾರದ ಬಾರಿಸಿದ್ರ ಇನ್ನೇನಾಗತೈತಿ" ಎಂದು ಬಸಲಿಂಗ ಉಗುಳಿ ಮೋಟಾರು ಹತ್ತಿದ.

"ನಾ ತಪ್ಪಿದ್ನೇನ್ರಿ, ಮಾಸ್ತರ?" ದುರ್ಗಪ್ಪ ಕೇಳಿದ.

ನಾನು ಬೂಟಿನ ಗಂಟು ಬಿಚ್ಚುತ್ತಿದ್ದೆ. ಬಿಚ್ಚಿದ ಗಂಟನ್ನೇ ಮತ್ತೆ ಬಿಚ್ಚಿದೆ.

"ಚೆಂಡ ಎತ್ತಾಗಿಂದ ಬಂತ್ರಿ?"

ಮೋಟಾರು ಶುರುವಾಯಿತು. ಹತ್ತಿ ಕೂತೆ. ಚಕ್ಕಡಿಗಳನ್ನು ದಾಟಿ ಬರುವಾಗ, ರಸ್ತೆಯ ಅಂಚಿನಲ್ಲಿ ಎಡಕ್ಕೆ ವಾಲಿಕೊಂಡು ನಡೆಯುತ್ತಿದ್ದವನ ಮೇಲೆ ನಮ್ಮ ಧೂಳು ಬಿತ್ತು. ನಾನು ತಿರುಗಿ ನೋಡಲಿಲ್ಲ.

ಮುಂದಿನ ಹಂಗಾಮಿಗೆ ನಮ್ಮ ಬಯಲಿಗೂ ಕನಾತು ಬಂತು. ಹುಕ್ಕೇರಿಯವರು ಮಾಡಿದ್ದನ್ನು ನಾವು ಮಾಡಬಾರದೇ ಎಂದು ನಮ್ಮ ಹಿರಿಯರಿಗೆ ಅನ್ನಿಸಿತು. ಖುರ್ಚಿಗಳು ಬಂದವು, ಹಳದಿಯ ಬದಲು ಕೆಂಪು ಚೀಟಿಗಳು ಬಂದವು. ದೊಡ್ಡ ಅಧಿಕಾರಿಯೊಬ್ಬರು ಮೊದಲ ಪಂದ್ಯಕ್ಕೆ ಬರುವವರಿದ್ದರು. ಅವರ ಸ್ವಾಗತಕ್ಕೆ ದುರ್ಗಪ್ಪನನ್ನು ಕರೆಸಿದರು. ಬಂದ. ಅಧಿಕಾರಿ ಕೂಡುವವರೆಗೆ ಬಾರಿಸಿದ. "ಸಾಕು, ಇನ್ನ ಹೋಗು" ಎಂದು ಯಾರೋ ಕೈ ಮಾಡಿದರು. ಅವನು ಕೋಲುಗಳನ್ನು ತಲೆಯ ರುಮಾಲಿನಲ್ಲಿ ಸಿಕ್ಕಿಸಿಕೊಂಡು, ಬೂದಿಯ ಗೆರೆಯನ್ನು ತುಳಿಯದಂತೆ ದಾಟಿ ಹೊರಗೆ ಹೋದ. ಗೋಲಿನಲ್ಲಿ ನಿಂತಿದ್ದ ನನ್ನನ್ನು ನೋಡಿದನೋ ಇಲ್ಲವೋ ತಿಳಿಯಲಿಲ್ಲ. ಆ ಸಲ ಬಸಲಿಂಗ ಯಾರಿಗೂ ಪಾಸ್ ಕೊಡಲಿಲ್ಲ, ಕೊಡೆಂದು ಅವನನ್ನು ಬೈಯುವವರೂ ಇರಲಿಲ್ಲ. ಗಿರಣಿಯ ಮಂದಿ ಒಂದೆರಡು ಪಂದ್ಯಕ್ಕೆ ಹೊರಗೆ ನಿಂತು ನೋಡಿ, ಆಮೇಲೆ ಬರುವುದನ್ನು ಬಿಟ್ಟರು. ಮರುವರ್ಷ ಖುರ್ಚಿಗಳೂ ತುಂಬಲಿಲ್ಲ. ಯುದ್ಧ ಬಂದು ಅಕ್ಕಿ ಸೀಮೆಎಣ್ಣೆ ತುಟ್ಟಿಯಾದ ಮೇಲೆ ತಂಡವೇ ಉಳಿಯಲಿಲ್ಲ. ಯುದ್ಧದಿಂದ ಹೋಯಿತು ಎಂದು ನಮ್ಮವರು ಈಗಲೂ ಹೇಳುತ್ತಾರೆ. ಅದಕ್ಕೂ ಮುಂಚೆಯೇ ಹೋಗಿತ್ತು.

ನನಗೆ ಕಲ್ಲೋಳಿಗೆ ಬದಲಿಯಾಯಿತು. ಅಲ್ಲಿಂದ ಮೂಡಲಗಿಯ ಸಂತೆಗೆ ಹೋದ ಒಂದು ದಿನ, ಹಗ್ಗ ಕೊಳ್ಳುತ್ತಿದ್ದಾಗ ಒಬ್ಬ ಹೆಣ್ಣುಮಗಳು ನನ್ನನ್ನು ಗುರುತಿಸಿದಳು. ದುರ್ಗಪ್ಪನ ಮಗಳು ಯಲ್ಲವ್ವ. ಅವಳನ್ನು ಮೂಡಲಗಿಗೆ ಕೊಟ್ಟಿದ್ದರು. ಅಪ್ಪ ತನ್ನ ಹತ್ತಿರವೇ ಇದ್ದಾನೆ, ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದಳು. ಆ ದಿನ ಹೋಗಲಿಲ್ಲ. ಮೂರು ಸಂತೆ ಬಿಟ್ಟು ಹೋದೆ. ಅದೇ ಅವನನ್ನು ಕೊನೆಯದಾಗಿ ಕಂಡದ್ದು. ಮುಂದಿನ ಬೇಸಿಗೆಯ ಹೊತ್ತಿಗೆ ಅವನಿರಲಿಲ್ಲ.

ಮುಂಜಾನೆಯ ಹೊತ್ತು. ಯಲ್ಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ದುರ್ಗಪ್ಪ ಗೋಡೆಗೆ ಆತು ಕೂತಿದ್ದ. ನನ್ನ ಹೆಜ್ಜೆ ಕೇಳಿ ಮುಖ ಎತ್ತಿದ.

"ಆರಾಮ ಅದೀರೇನ್ರಿ, ದುರ್ಗಪ್ಪನವರ?" ಅಂದೆ. ಆ "ರಿ" ನನ್ನ ಬಾಯಿಂದ ಅವನಿಗೆ ಮೊದಲ ಸಲ ಬಂದದ್ದು. ಅವನು ದನಿಯ ಗುರುತು ಹಿಡಿದ.

"ಬಾಗಲಾ ಕಾಯೋ ಮಾಸ್ತರ," ಎಂದ. "ನನಗ್ಯಾಕ ರೀ ಹಚ್ಚತೀರಿ? ಕುಂದರ್ರಿ. ನನಗೀಗ ಎಲ್ಲಾನೂ ಕನಾತಿನ ಹೊರಗ ನಿಂತಂಗ ಆಗೇತಿ."

ನಾನು ನೆಲದ ಮೇಲೆ ಕೂತೆ. ಬರುವ ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಹೋಯಿತು, ಉಳಿದದ್ದನ್ನು ಹೇಳಿದೆ. ಪಾಸು ನನ್ನ ಕೈಯಲ್ಲಿತ್ತು, ಮಾವನಿಗೆ ಕೊಟ್ಟೆ. ಬರುತ್ತೇನೆಂದು ಹೇಳಿ ಬರಲಿಲ್ಲ. ಚೆಂಡು ಬಿಟ್ಟವನು ನಾನು, ತಪ್ಪನ್ನು ನಿಮ್ಮ ಮೇಲೆ ಹಾಕಿದೆ. ಯಲ್ಲವ್ವನ ಕೈ ಹಿಟ್ಟಿನ ಮೇಲೆ ನಿಂತಿತ್ತು.

ದುರ್ಗಪ್ಪ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಪಾಸಿಂದು ನನಗ ಆವತ್ತ ತಿಳಿದಿತ್ರಿ," ಎಂದ. "ಅದು ಬ್ಯಾರೆ ಪಾಸ್ ಅಂತ ಬಾಗಲದಾಗ ನಿಂತಾಗ ತಿಳೀತು. ಸಿಟ್ಟ ಬಂದಿತ್ತು. ಹಾದಿಗುಂಟ ಬೈಕೋತ ಬಂದ್ನಿ ನಿಮ್ಮನ್ನ. ಆದ್ರ ತಪ್ಪ ಬಾರಿಸಿದ್ದು ಖರೆ. ಒಳಗಿನ ಮಂದಿ ಸಪ್ಪಳಾ ಕೇಳಿ ಬಾರಸೂಣು ಅಂತ ಮಾಡಿದ್ನಿ. ಗೋಕಾಕದಾಗ ಆಗಿದ್ರ ಕಣ್ಣ ಕಟಗೊಂಡು ಬಾರಸ್ತಿದ್ನಿ. ಮಂದಿ ಬಾಯಾಗ ಚೆಂಡ ಎಲ್ಲೈತಿ ಅಂತ ತಿಳೀತಿತ್ತು. ಅಲ್ಲೆ ಒಬ್ರೂ ಪಿಟ್ಟ ಅನ್ನಲಿಲ್ಲ. ಏನೂ ಕೇಳಲಿಲ್ಲಂದ್ರ ನಡುವ ಇರಬೇಕು ಅಂದಕೊಂಡ್ನಿ." ನನ್ನ ದನಿಯ ಕಡೆಗೆ ಬಾಗಿದ. "ಚೆಂಡ ಎತ್ತಾಗಿಂದ ಬಂತ್ರಿ? ನನಗ ಯಾರೂ ಹೇಳಲೇ ಇಲ್ಲ."

ಅಷ್ಟು ವರ್ಷ ಅವನು ಅದನ್ನೇ ಕಾದಿದ್ದ. ನನ್ನ ಕ್ಷಮೆಯ ಮಾತು ಅವನಿಗೆ ಬೇಕಾಗಿರಲಿಲ್ಲ. ತನ್ನ ಹಲಗಿ ಎಲ್ಲಿ ನಿಲ್ಲಬೇಕಿತ್ತು ಎಂಬುದು ಬೇಕಾಗಿತ್ತು.

"ಹೇಳತೇನಿ," ಅಂದೆ.

"ತಡೀರಿ. ಯಲ್ಲವ್ವಾ, ಹಲಗಿ ತಾ."

ಅವಳು ಗೂಟದ ಮೇಲಿನ ಹಲಗಿಯನ್ನು ಇಳಿಸಿ, ಧೂಳು ಒರೆಸಿ ತಂದಳು. ಅವನು ಒಲೆಯ ಹತ್ತಿರ ಸರಿದು ಅದನ್ನು ಉರಿಯ ಮುಂದೆ ತಿರುಗಿಸುತ್ತ ಕೂತ. ಬೆರಳಿನಿಂದ ಮೀಟಿ, ಕಿವಿ ಹಚ್ಚಿ, ಮತ್ತೆ ಕಾಯಿಸಿದ. ನಾನು ಅವಸರ ಮಾಡಲಿಲ್ಲ. ಕಾದ ಮೇಲೆ ತೊಡೆಯ ಮೇಲಿಟ್ಟುಕೊಂಡು ಎರಡೂ ಕೋಲು ಹಿಡಿದ.

"ಹೇಳ್ರಿ."

"ಚೆಂಡ ನಡುವ ಇತ್ತು," ಎಂದು ಶುರು ಮಾಡಿದೆ. ಅವನು ನಿಧಾನವಾಗಿ ಬಾರಿಸತೊಡಗಿದ. "ಬಸಲಿಂಗನ ಕಾಲಾಗ ಇತ್ತು. ಪಾಸ್ ಕೊಡಲಿಲ್ಲ." ದುರ್ಗಪ್ಪನ ಬಾಯಿ ಒಂದಿಷ್ಟು ಅರಳಿತು, ಬಡಿತ ನಡೆದೇ ಇತ್ತು. "ಅವರ ಹುಡುಗ ಕಸಗೊಂಡ. ಎಡಗಾಲಿನಾಂವ. ನನ್ನ ಬಲಗಡೆ ಗೆರಿಗುಂಟ ಓಡಾಕತ್ತ. ಬಿಸಲ ನನ್ನ ಕಣ್ಣಾಗಿತ್ತು. ಇಬ್ಬರನ್ನ ದಾಟಿದ. ಬಾಗಲದ ಕಡೆ ಹೊಳ್ಳಿದ—"

ಹಲಗಿ ನಿಂತಿತು.

ನಾನು ಏನೂ ಮಾಡಬೇಕೆಂದು ಮಾಡಲಿಲ್ಲ. ಕೂತಲ್ಲೇ ಮೈ ಬಲಕ್ಕೆ ಹೊರಳಿತು, ಎರಡೂ ಅಂಗೈ ಮುಂದೆ ಬಂದು ಒಂದಕ್ಕೊಂದು ಬಡಿದುಕೊಂಡವು. ಆ ಸಣ್ಣ ಮನೆಯಲ್ಲಿ ಅದು ಒಂದೇ ಸಪ್ಪಳ.

ದುರ್ಗಪ್ಪ ಕಿವಿಗೊಟ್ಟು ಕೇಳಿದ. ಕೋಲುಗಳನ್ನು ಹಲಗಿಯ ಮೇಲೆ ಮೆಲ್ಲಗೆ ಇಟ್ಟ.

"ಹಿಡದ್ರಿ, ಮಾಸ್ತರ," ಎಂದ.